ಎರಡು ಬೆರಳು

“ಇನ್ನೊಂದು ಸುತ್ತು ಬಿಗಿ ಮಾಡಿ, ದಾರದಕ್ಕಾ,” ಎಂದ ಸೂಪರ್‌ವೈಸರ್.

ದೊಡ್ಡವರ ಡೈಪರ್ ತಯಾರಾಗುವ ಆ ಯಂತ್ರದಲ್ಲಿ ತೊಡೆಯ ಅಂಚಿಗೆ ಹೋಗುವ ಎಲಾಸ್ಟಿಕ್ ದಾರಗಳನ್ನು ನೋಡಿಕೊಳ್ಳುವವಳು ಅವಳೇ. ಹೆಸರು ಅಲ್ಲಿಂದಲೇ ಅಂಟಿಕೊಂಡಿತ್ತು. ದಾರವನ್ನು ಎಷ್ಟು ಎಳೆದು ಅಂಟಿಸುತ್ತಾರೋ, ಬಿಟ್ಟಾಗ ಅದು ಅಷ್ಟು ಬಿಗಿಯಾಗಿ ತೊಡೆಯನ್ನು ಹಿಡಿಯುತ್ತದೆ. ಹೊರಬಂದ ಒಂದನ್ನು ಎತ್ತಿಕೊಂಡು, ಅಳತೆ ನೋಡಲೆಂದು ಮೇಜಿನ ಮೇಲಿಟ್ಟಿದ್ದ ಮರದ ತೊಡೆಗೆ ತೊಡಿಸಿ, ಅಂಚಿನಡಿ ಎರಡು ಬೆರಳು ತೂರಿಸಿದಳು. ತಿಣುಕಿ ಹೋದವು.

“ಈಗಲೇ ಇಷ್ಟು ಕಷ್ಟ ಸರ್. ಇನ್ನೂ ಎಳೆದ್ರೆ ಚರ್ಮ ಕಚ್ಚುತ್ತೆ.”

“ಸೋರುತ್ತೆ ಅಂತ ದೂರಿನ ಮೇಲೆ ದೂರು. ಕಚ್ಚುತ್ತೆ ಅಂತ ಒಬ್ರಾದ್ರೂ ಬರೆದಿದಾರಾ?”

“ಹಾಕ್ಕೊಳ್ಳೋರು ಬರೆಯೋ ಸ್ಥಿತೀಲಿ ಇರಲ್ಲ ಸರ್.”

“ಮತ್ತೆ ನಿಮಗ್ಯಾಕೆ ತಲೆನೋವು?” ಅವನು ನಕ್ಕ. “ಆ ಬೆರಳಿನ ಲೆಕ್ಕವೆಲ್ಲ ನಿಮ್ಮಪ್ಪನ ಟೈಲರ್ ಅಂಗಡೀಲಿ ಇಟ್ಕೊಳ್ಳಿ. ಇಲ್ಲಿ ಎಳೆತ ಅಳೆಯೋಕೆ ಮೀಟರ್ ಇದೆ.”

ಲೆಕ್ಕ ಅಪ್ಪನದೇ. ಚಿಕ್ಕವಳಿದ್ದಾಗ ಮಕ್ಕಳ ಚಡ್ಡಿಗೆ ಅವಳು ಎಲಾಸ್ಟಿಕ್ ಹೊಲಿದು ಕೊಟ್ಟರೆ ಅಪ್ಪ ಒಂದೊಂದಕ್ಕೂ ಎರಡು ಬೆರಳು ತೂರಿಸಿ ನೋಡುತ್ತಿದ್ದ. ಸರಿ ಹೋಗದಿದ್ದರೆ ಬೈಯುತ್ತಿರಲಿಲ್ಲ. ಅವೇ ಬೆರಳುಗಳನ್ನು ಕತ್ತರಿಯಂತೆ ಆಡಿಸಿ, ಚಡ್ಡಿಯನ್ನು ಅವಳ ಮಡಿಲಿಗೆ ಎಸೆಯುತ್ತಿದ್ದ. ಬಿಚ್ಚು, ಮತ್ತೆ ಹೊಲಿ ಎಂದು ಅರ್ಥ. ಆ ಮೌನಕ್ಕಿಂತ ಎರಡೇಟು ಬಿದ್ದಿದ್ದರೆ ಹಗುರವಾಗುತ್ತಿತ್ತು.

ಅವಳು ತಿರುಪು ತಿರುಗಿಸಿದಳು. ದಾರಗಳು ಸಣ್ಣ ದನಿಯಲ್ಲಿ ಗುಂಯ್ ಎಂದವು. ಸಂಜೆಯ ಹೊತ್ತಿಗೆ ಲಾರಿ ತುಂಬಿ ಹೊರಟುಹೋಯಿತು.

ಹೀಗೆ ಬಿಗಿ ಬದಲಿಸಿ ಯಂತ್ರವನ್ನು ಹೊಂದಿಸಿದಾಗ ಬರುವ ಮೊದಲ ಹತ್ತಿಪ್ಪತ್ತು ಡೈಪರ್ ಮಾರಾಟಕ್ಕೆ ಹೋಗುವುದಿಲ್ಲ. ಎಂದಿನಂತೆ ಅವನ್ನು ಕೇಳಿ ಪಡೆದು, ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದಳು. ಅಪ್ಪನಿಗೆ ಲಕ್ವ ಹೊಡೆದು, ಮಾತು ನಿಂತು ಎರಡು ವರ್ಷ. ಅವನನ್ನು ಮಗ್ಗುಲಿಗೆ ಹೊರಳಿಸಿ ಹೊಸದೊಂದನ್ನು ಹಾಕಿದಳು. ಅಂಚಿನಡಿ ಬೆರಳು ತೂರಿಸಿ ನೋಡಬೇಕೆನಿಸಿತು. ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತಿತ್ತು.

ಬೆಳಿಗ್ಗೆ ಹೊದಿಕೆ ಸರಿಸಿದಾಗ ಅಪ್ಪ ಎಚ್ಚರವಾಗೇ ಇದ್ದ. ಕಣ್ಣು ಕೆಂಪಾಗಿದ್ದವು.

“ಯಾಕಪ್ಪಾ, ನಿದ್ದೆ ಬರ್ಲಿಲ್ವಾ?” ಎಂದವಳು ಹಾಸಿಗೆಯತ್ತ ನೋಡಿದಳು. ಒಂದು ಹನಿಯೂ ಸೋರಿರಲಿಲ್ಲ. “ನೋಡು, ಹಾಸಿಗೆ ಒಂಚೂರೂ ಒದ್ದೆಯಾಗಿಲ್ಲ!”

ಹೊದಿಕೆಯನ್ನು ಇನ್ನಷ್ಟು ಸರಿಸಿದಳು. ಒಣಕಲು ತೊಡೆಯ ಸುತ್ತ, ದಾರ ಕಚ್ಚಿದ ಅಂಚಿನುದ್ದಕ್ಕೂ, ಕೆಂಪು ಗೆರೆ ಎದ್ದಿತ್ತು. ಒಂದು ಕಡೆ ಚರ್ಮ ಕಿತ್ತು ನೀರೊಸರುತ್ತಿತ್ತು.

ಅಪ್ಪನ ಸ್ವಾಧೀನವಿದ್ದ ಬಲಗೈ ನಿಧಾನವಾಗಿ ಕೆಳಗೆ ಬಂತು. ಎರಡು ಬೆರಳು ಅಂಚನ್ನು ಹುಡುಕಿದವು, ಒಳಗೆ ತೂರಲು ನೋಡಿದವು, ಆಗದೆ ಹಿಂದೆ ಸರಿದವು. ಅವನು ಅವಳ ಮುಖ ನೋಡಿದ. ಆಮೇಲೆ ಅವೇ ಎರಡು ಬೆರಳುಗಳನ್ನು ಎತ್ತಿ, ಕತ್ತರಿಯಂತೆ ಆಡಿಸಿದ.

ಬಿಚ್ಚಿ ಮತ್ತೆ ಹೊಲಿಯಲು ಆ ದಾರ ಹೊಲಿದದ್ದಲ್ಲ, ಅಂಟಿಸಿದ್ದು.