ಕಣ್ಣೊಂದು ಬಿಟ್ಟು

ಮಗನ ತೊಡೆಯ ಮೇಲೆ ಸ್ಕೇಲಿನ ಬಾಸುಂಡೆ ಎದ್ದಿತ್ತು. ಅವನಿಗಿನ್ನೂ ನಾಲ್ಕು ತುಂಬಿರಲಿಲ್ಲ. ಮರುದಿನ ಬೆಳಿಗ್ಗೆಯೇ ರೋಹಿಣಿ ನರ್ಸರಿಗೆ ಹೋದಳು. ಅಪ್ಪ ಅಮ್ಮ ಇಬ್ಬರೂ ಬಂದರೆ ಮಾತ್ರ ಮಾತಾಡುವುದು ಅಲ್ಲಿನ ನಿಯಮ, ಹಾಗಾಗಿ ಗಂಡನೂ ಬಂದಿದ್ದ. ಅವನು ಕುರ್ಚಿ ಎಳೆದುಕೊಂಡು ಕೂತ. ಅವಳು ನಿಂತೇ ಕೇಳಿದಳು.

"ಕ್ರೇಯಾನ್ ಕಿತ್ಕೊಂಡ ಅಂತ ಅಷ್ಟು ಚಿಕ್ಕ ಮಗೂಗೆ ಹೀಗೆ ಬಾರಿಸ್ತೀರಾ ಮಿಸ್? ಮನಸ್ಸಾದ್ರೂ ಹೇಗೆ ಬಂತು ನಿಮಗೆ?"

ಮಿಸ್ ಗಾಬರಿಯಾಗಲಿಲ್ಲ. "ಅಡ್ಮಿಷನ್ ದಿನ ಸರ್ ಅವ್ರೇ ಹೇಳಿದ್ರಲ್ಲ ಮೇಡಂ, ಕಣ್ಣೊಂದು ಬಿಟ್ಟು ಎಲ್ಲಿಗೆ ಬೇಕಾದ್ರೂ ಹೊಡೀರಿ ಅಂತ."

"ಅದು ಎಲ್ರೂ ಬಾಯಿಮಾತಿಗೆ ಹೇಳೋದು! ಹೇಳಿದ್ರು ಅಂತ ನಿಜವಾಗ್ಲೂ ಹೊಡೆದುಬಿಡೋದಾ?"

"ಬಾಯಿಮಾತಿಗಲ್ಲ, ನಾನು ಮನಸಾರೆ ಹೇಳಿದ್ದು," ಎಂದ ಗಂಡ. "ಇವಳದು ಯಾವಾಗ್ಲೂ ಅತಿ. ನೀವೇನೂ ತಪ್ಪು ತಿಳ್ಕೋಬೇಡಿ ಮಿಸ್. ನಮ್ಮ ಮೇಷ್ಟ್ರು ಹುಣಸೆ ಬರಲು ಮುರಿಯೋವರೆಗೆ ಬಿಡ್ತಿರಲಿಲ್ಲ. ನಮ್ಮಪ್ಪನೂ ಅಷ್ಟೆ. ಆ ಏಟು ತಿಂದಿದ್ದಕ್ಕೇ ನಾನಿವತ್ತು ಮನುಷ್ಯ ಆಗಿರೋದು."

ಮಿಸ್ಸಿಗೆ ನಗು ಬಂತು. "ನೋಡಿ, ಸರ್‌ಗೆ ಅರ್ಥ ಆಗುತ್ತೆ. ನಿಮ್ಮ ಮಗ ದೊಡ್ಡೋನಾಗಿ ಅವರ ಥರ ಆಗೋದು ಬೇಡ್ವಾ ಮೇಡಂ?"

ರೋಹಿಣಿ ಗಂಡನ ಮುಖ ನೋಡಲಿಲ್ಲ. ಚೂಡಿದಾರದ ಉದ್ದ ತೋಳನ್ನು ಮೊಣಕೈವರೆಗೆ ಮಡಿಸಿ, ಮೊನ್ನೆ ಅವನು ತಿರುಚಿ ನೀಲಿಗಟ್ಟಿಸಿದ್ದ ಕೈಯನ್ನು ಮಿಸ್ಸಿನ ಮೇಜಿನ ಮೇಲಿಟ್ಟಳು.

"ಬೇಡ," ಎಂದಳು.