ಜೋಡಿಯಾಗಿ ಬಂದು ಹೇಳಬೇಕಂತೆ

ಈ ಗಾಳಿಸುದ್ದಿ ಹಬ್ಬಿಸಿದವರನ್ನು ಇವತ್ತು ಹಿಡಿದೇ ತೀರುತ್ತೇನೆ ಎಂದು ಉಪಮುಖ್ಯೋಪಾಧ್ಯಾಯ ಡೆರಿಕ್ ಹೋಲ್ಟ್ ಶಾಲೆಯ ಸಭಾಂಗಣದ ಬಾಗಿಲಲ್ಲಿ ಕಾವಲು ನಿಂತಿದ್ದ. ಒಳಗೆ ಕುರ್ಚಿಗಳು ತುಂಬಿದ್ದವು, ಬೆಂಚುಗಳೂ ತುಂಬಿದ್ದವು. ತಡವಾಗಿ ಬಂದ ಅಪ್ಪಂದಿರು ಗೋಡೆಗೆ ಒರಗಿದ್ದರು. ಆರು ವರ್ಷದವರ ಅಳತೆಯ ಕುರ್ಚಿಯಲ್ಲಿ ಪ್ಲಂಬರ್ ಗಾರ್ತ್, ಮೊಣಕಾಲನ್ನು ಹೆಚ್ಚುಕಡಿಮೆ ಕಿವಿಗೆ ತಾಗಿಸಿಕೊಂಡು, ಯುದ್ಧಕ್ಕೆ ಸಿದ್ಧನಾಗಿ ಕೂತಿದ್ದ.

ಸುದ್ದಿ ಇಷ್ಟೇ. ಈ ಬೇಸಿಗೆಯಲ್ಲಿ ಹಿರಿಯ ತರಗತಿಯ ಮಕ್ಕಳಿಗೆ ಮೈ ನೆರೆಯುವುದು, ಗೆಳೆತನ, ಸಂಬಂಧ, ಮಗು ಹುಟ್ಟುವ ಬಗೆ ಇವುಗಳ ಪಾಠವಿದೆ. ಆ ಪಾಠಕ್ಕೆ ಪ್ರತಿ ಮಗುವಿನ ಅಪ್ಪ ಅಮ್ಮ ಜೋಡಿಯಾಗಿ ಬಂದು, ಬೋರ್ಡಿನ ಮುಂದೆ ನಿಂತು, ತಮ್ಮ ಮಗು ಹೇಗೆ ಬಂತೆಂದು ತರಗತಿಗೆ ಹೇಳಬೇಕಂತೆ. ಕೊನೆಯಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರಂತೆ.

ಇಂಗ್ಲೆಂಡಿನ ಲ್ಯಾಂಕಷೈರಿನ ಆ ಊರಿನವರು ಪಾಪವನ್ನಾದರೂ ಸಹಿಸಿಕೊಂಡಾರು, ಮುಜುಗರವನ್ನಲ್ಲ.

ಇಂಥ ಪಾಠಕ್ಕೆ ಮೊದಲು ಪೋಷಕರನ್ನು ಕೇಳಬೇಕೆಂದು ಕಾನೂನಿದೆ. ಪೋಷಕರು ಬರಬೇಕೆಂದು ಕಾನೂನಿಲ್ಲ. ಹೋದ ವರ್ಷದ ಸಭೆಗೆ ಬಂದವನು ಒಬ್ಬನೇ ಒಬ್ಬ ಅಜ್ಜ. ಅವನೂ ಹೊರಗೆ ಆಲಿಕಲ್ಲು ಬೀಳುತ್ತಿತ್ತೆಂದು. ಬಿಸ್ಕತ್ತು ತಿಂದು, "ನಮ್ ಕಾಲ್ದಲ್ಲಿ ಕೋಳಿ ನೋಡಿ ಕಲ್ತ್ಕೊಂಡ್ವಿ" ಎಂದು ಎದ್ದು ಹೋದ. ಅಜ್ಜನ ಕೋಳಿಯನ್ನು ಪೋಷಕರ ಅಭಿಪ್ರಾಯವೆಂದು ಒಪ್ಪಲಾಗದು ಎಂದ ಆಡಳಿತ ಮಂಡಳಿ ಪಾಠವನ್ನೇ ಒಂದು ವರ್ಷ ಮುಂದೂಡಿತು.

ಅದೇ ವರ್ಷದ ಜೂನ್‌ನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಶೌಚಾಲಯದ ಚಿಲಕ ಹಾಕಿಕೊಂಡು, ರಕ್ತ ನಿಲ್ಲುತ್ತಿಲ್ಲ, ನಾನು ಸಾಯುತ್ತೇನೆ, ಅಮ್ಮನಿಗೆ ಹೇಳಬೇಡಿ ಎಂದು ಅತ್ತಿದ್ದಳು. ಮುಖ್ಯೋಪಾಧ್ಯಾಯಿನಿ ಹೆಸ್ಟರ್ ಎಂಟ್ವಿಸಲ್ ಮಧ್ಯಾಹ್ನವೆಲ್ಲ ಆ ಬಾಗಿಲ ಹೊರಗೆ ನೆಲದ ಮೇಲೆ ಕೂತು ಮಾತಾಡಿಸಿದ್ದರು. ಎದ್ದು ಬಂದಾಗ ಡೆರಿಕ್‌ಗೆ ಹೇಳಿದ್ದು ಒಂದೇ ಮಾತು: "ಇನ್ನೊಂದ್ ಮಗುಗೆ ಹೀಗಾಗ್ಬಾರ್ದು."

ಈ ಸಲ ಮಂಡಳಿ ಕಡ್ಡಿ ಮುರಿದಂತೆ ಹೇಳಿತ್ತು. ಪೋಷಕರು ಬರಬೇಕು, ಬಂದು ಹೂಂ ಅನ್ನಬೇಕು, ಇಲ್ಲದಿದ್ದರೆ ಪಾಠವಿಲ್ಲ. ಬರುವುದೇನೋ ಊರಿಗೆ ಊರೇ ಬಂದಿತ್ತು. ಹೂಂ ಅನ್ನುವ ಮುಖ ಮಾತ್ರ ಒಂದೂ ಕಾಣಲಿಲ್ಲ.

"ಪಾಠ ನಿಲ್ಸೋಕೇ ಯಾರೋ ಮಾಡಿರೋ ಕಿತಾಪತಿ ಇದು, ಹೆಸ್ಟರ್. ನನ್ ಅನುಮಾನ ಆ ಕ್ರಾಷಾ ಹೆಂಗಸಿನ ಮೇಲೆ. ಊರಿಡೀ ಹೇಳ್ಕೊಂಡ್ ತಿರುಗಿದ್ದು ಅವ್ರೇ."

"ಪಾಪ, ಹಾಗನ್ಬೇಡಿ ಡೆರಿಕ್," ಹೆಸ್ಟರ್ ಚಹಾದ ಕಪ್ಪುಗಳನ್ನು ಜೋಡಿಸುತ್ತ ಹೇಳಿದರು. "ನಾನಂತೂ ಮೊದಲ್ನೇ ದಿನದಿಂದ್ಲೂ ಸುಳ್ಳು ಸುಳ್ಳು ಅಂತ ಹೇಳ್ತಾನೇ ಇದೀನಿ."

ಅದು ನಿಜ. ಬೆಳಗ್ಗೆ ಗೇಟಿನ ಬಳಿ ಮಕ್ಕಳನ್ನು ಬರಮಾಡಿಕೊಳ್ಳುತ್ತ, ಮಳೆಯಲ್ಲಿ ಕೊಡೆ ಹಿಡಿದು, ಒಬ್ಬೊಬ್ಬ ಪೋಷಕರಿಗೂ ಆಕೆ ಸಮಾಧಾನ ಹೇಳುವುದನ್ನು ಡೆರಿಕ್ ಕಿಟಕಿಯಿಂದ ನೋಡಿದ್ದ. ಹೇಳಿದಷ್ಟೂ ಜನ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು. ಸತ್ಯವಂತರಿಗಿದು ಕಾಲವಲ್ಲ ಎಂದು ಡೆರಿಕ್ ನಿಟ್ಟುಸಿರಿಟ್ಟ.

ಸಭೆ ಶುರುವಾಯಿತು. ಗಾರ್ತ್ ಎದ್ದ, ಕುರ್ಚಿಯೂ ಅವನ ಜೊತೆಗೇ ಎದ್ದಿತು.

"ನೋಡಿ, ನಾನು ಕಂಡೋರ ಮನೆ ಬಚ್ಚಲಲ್ಲಿ ಕೈ ಹಾಕೋನು. ನಾಚ್ಕೆಗೀಚ್ಕೆ ನಂಗ್ ಕಮ್ಮಿ. ಆದ್ರೆ ನಮ್ ಹುಡ್ಗ ಹೆಂಗ್ ಬಂದ ಅಂತ ಕ್ಲಾಸ್ ಮುಂದೆ ಹೇಳು ಅಂದ್ರೆ? ಅದು ಬ್ಲ್ಯಾಕ್‌ಪೂಲ್ ರಜೇಲಿ ಅಂತೀನಿ ನಾನು. ಅಲ್ವೇ ಅಲ್ಲ ಅಂತಾಳೆ ಇವ್ಳು."

"ಗಾರ್ತ್, ಬಾಯ್ ಮುಚ್ಕೊಂಡ್ ಕೂತ್ಕೋ," ಎಂದಳು ಅವನ ಹೆಂಡತಿ.

ಮಿಸೆಸ್ ಕ್ರಾಷಾ ಎದ್ದರು. ಕೈಚೀಲವನ್ನು ಗುರಾಣಿಯಂತೆ ಹಿಡಿದಿದ್ದರು. "ಇಂಥದ್ದನ್ನೆಲ್ಲ ಸ್ಕೂಲಲ್ಲಿ ಹೇಳೋದೇ ತಪ್ಪು. ಮನೇಲಿ ಹೆತ್ತೋರು ಹೇಳ್ಬೇಕು."

"ಖಂಡಿತ," ಎಂದರು ಹೆಸ್ಟರ್, ಬಹಳ ವಿನಯದಿಂದ. "ಹಾಗಾದ್ರೆ ನೀವು ಮನೇಲೇ ಹೇಳ್ತೀರಾ? ಈ ವಾರಾನೇ?"

ಮಿಸೆಸ್ ಕ್ರಾಷಾ ಗಂಡನ ಕಡೆ ನೋಡಿದರು. ಗಂಡ ಛಾವಣಿಯ ಕಡೆ ನೋಡಿದ.

"ನಾವಾ?" ಎಂದರು ಕೊನೆಗೆ. "ನಾವೇ ಹೇಳೋದಾದ್ರೆ ಟೀಚರ್‌ಗಳು ಇರೋದ್ಯಾಕೆ?"

ಅಣೆಕಟ್ಟು ಒಡೆದದ್ದು ಅಲ್ಲಿ. ಹೌದು ಮತ್ತೆ, ಟೀಚರೇ ಹೇಳಲಿ ಎಂದರು ಹಿಂದಿನ ಬೆಂಚಿನವರು. ಎಲ್ಲ ಹೇಳಲಿ ಎಂದರು ಗೋಡೆಗೆ ಒರಗಿದವರು. "ಚಿತ್ರ ಬರ್ದು ಹೇಳ್ಲಿ, ಬಣ್ಣ ಹಾಕಿ ಹೇಳ್ಲಿ," ಎಂದು ಗಾರ್ತ್ ಕೂಗಿದ, "ನಮ್ಮನ್ನ್ ಮಾತ್ರ ಕರೀಬೇಡಿ!"

ಹೆಸ್ಟರ್ ತುಸು ಹೊತ್ತು ತಲೆ ತಗ್ಗಿಸಿ ಯೋಚಿಸಿದರು. ಬಹಳ ದೊಡ್ಡದೇನನ್ನೋ ಬಿಟ್ಟುಕೊಡುವವರಂತೆ, "ಆಗ್ಲಿ. ನಿಮ್ಮನ್ನ ಕರೆಯೋದಿಲ್ಲ. ಇದು ನನ್ನ ಮಾತು," ಎಂದರು.

ಚಪ್ಪಾಳೆ ಬಿತ್ತು. ಪಾಠಕ್ಕೆ ಒಪ್ಪಿಗೆಯೇ ಎಂದು ಕೇಳಿದಾಗ ಎತ್ತದ ಕೈ ಉಳಿಯಲಿಲ್ಲ. ಇಷ್ಟು ಜನ, ಇಷ್ಟು ಒಮ್ಮತ, ತಮ್ಮ ಜೀವಮಾನದಲ್ಲೇ ಕಂಡಿಲ್ಲ ಎಂದು ಮಂಡಳಿಯ ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಮುಂದಿನ ಸೋಮವಾರದಿಂದಲೇ ಪಾಠ ಎಂದಾಯಿತು.

ಡೆರಿಕ್‌ಗೆ ಮಾತ್ರ ತೃಪ್ತಿಯಿಲ್ಲ. ಸುಳ್ಳು ಗೆಲ್ಲಲಿಲ್ಲ, ಸರಿ. ಸುಳ್ಳು ಹುಟ್ಟಿಸಿದವರು ದಕ್ಕಿಸಿಕೊಂಡು ಹೋಗಬೇಕೇ? ಕೋಟು ಹಾಕಿಕೊಳ್ಳುತ್ತಿದ್ದ ಮಿಸೆಸ್ ಕ್ರಾಷಾರನ್ನು ಬಾಗಿಲಲ್ಲೇ ಅಡ್ಡಗಟ್ಟಿದ.

"ಊರಿಗೆಲ್ಲ ಈ ಸುದ್ದಿ ಹೇಳಿದ್ದು ನೀವೇ ತಾನೇ?"

"ಹೂಂ, ನಾನೇ," ಎಂದರು ಆಕೆ, ಹೆಮ್ಮೆಯಿಂದಲೇ.

"ಅಂದ್ರೆ ಹುಟ್ಟಿಸಿದ್ದೂ ನೀವೇ!"

"ಅಯ್ಯೋ ಮರಿ, ನಾನ್ಯಾಕ್ ಹುಟ್ಟಿಸ್ಲಿ? ನಿಮ್ ಹೆಡ್‌ಮಿಸ್ಟ್ರೆಸ್ ಮಿಸೆಸ್ ಎಂಟ್ವಿಸಲ್ ಗೇಟ್ ಹತ್ರ ನನ್ ಕೈ ಹಿಡ್ಕೊಂಡು, 'ಅಪ್ಪ ಅಮ್ಮನ್ನ ಬೋರ್ಡ್ ಮುಂದೆ ನಿಲ್ಲಿಸ್ತಾರೆ ಅನ್ನೋದು ಶುದ್ಧ ಸುಳ್ಳು, ದಯವಿಟ್ಟು ನಂಬ್ಬೇಡಿ' ಅಂತ ಬೇಡ್ಕೊಂಡ್ರಲ್ಲ, ಅಲ್ಲೀವರ್ಗೂ ಅಂಥದ್ದೊಂದು ಮಾತು ಯಾರ್ ಬಾಯಲ್ಲೂ ನಾನು ಕೇಳೇ ಇರ್ಲಿಲ್ಲ."