ಬೋರ್ಡಿನಿಂದ ಇಳಿದ ಪತ್ರೊಡೆ

ಶನಿವಾರ ಬೆಳಿಗ್ಗೆ ಮಧ್ವರಾಜರು ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿ, ತಮಿಳು ಸೀಮೆಯ ವೇಲಚೇರಿಯ ತಮ್ಮ ಹೋಟೆಲಿನ ಬೋರ್ಡಿನಿಂದ ಪತ್ರೊಡೆಯ ಹೆಸರನ್ನು ಒರೆಸತೊಡಗಿದರು. ಅರ್ಧ ಅಳಿಸುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸುಗುಣಾ ಬಂದು ನಿಂತರು. ಕಂಕುಳಲ್ಲಿ ಪತ್ರೊಡೆಗೆ ಬೇಕಾದ ಕೆಸುವಿನೆಲೆಯ ಕಟ್ಟು. ತಾಂಬರಂನ ಪರಿಚಯದವರ ಹಿತ್ತಿಲಿನಿಂದ ಕೊಯ್ದು, ರೈಲಿನ ನೂಕುನುಗ್ಗಲಲ್ಲಿ ಮಗುವಿನ ಹಾಗೆ ಜೋಪಾನ ಮಾಡಿ ತಂದದ್ದು.

"ಎಂತ ಒರೆಸ್ತಾ ಇದ್ದೀರಿ?"

ಮಧ್ವರಾಜರು ತಿರುಗಲಿಲ್ಲ. ಟೀವಿಯಲ್ಲಿ ಶೇರು ಪೇಟೆಯ ಸುದ್ದಿ ಓದುವವನ ಗಂಟಲನ್ನು ಮೂಗಿನ ಮೂಲಕ ಎಳೆದು ತಂದರು. "ವೀಕ್ಷಕರೇ, ಈ ತಿಂಗಳ ಪರಿಷ್ಕರಣೆಯಲ್ಲಿ ಪತ್ರೊಡೆ ಸೂಚ್ಯಂಕದಿಂದ ಹೊರಕ್ಕೆ. ಅದರ ಜಾಗಕ್ಕೆ ಪಿಜ್ಜಾ ಊತಪ್ಪ."

ಈ ಕಾಯಿಲೆ ತಗಲಿಸಿದ್ದು ಅಡ್ಯಾರಿನ ಮ್ಯೂಚುವಲ್ ಫಂಡ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಅನ್ವಿತಾ. ಪೇಟೆಯಲ್ಲಿರುವ ಸಾವಿರಾರು ಕಂಪನಿಗಳಲ್ಲಿ ದೊಡ್ಡ ಕೆಲವನ್ನು ಆರಿಸುವುದು, ದೊಡ್ಡದಕ್ಕೆ ಹೆಚ್ಚು ತೂಕ, ಚಿಕ್ಕದಕ್ಕೆ ಕಡಿಮೆ ತೂಕ ಕೊಡುವುದು, ಮೊದಲ ದಿನವನ್ನು ನೂರು ಎಂದಿಟ್ಟುಕೊಂಡು ಆಮೇಲಿನ ಏರಿಳಿತವನ್ನೆಲ್ಲ ಒಂದೇ ಅಂಕಿಯಲ್ಲಿ ಹೇಳುವುದು, ಸೊರಗಿದವನ್ನು ಹೊರಗೆ ಹಾಕಿ ಬೆಳೆದವನ್ನು ಒಳಗೆ ಕರೆಯುವುದು ಎಂದು ಊಟದ ಹೊತ್ತಿನಲ್ಲಿ ಅವಳು ವಿವರಿಸುತ್ತಿದ್ದಂತೆ, ಮಧ್ವರಾಜರು ಪೂರ್ತಿ ಕೇಳದೆ, ಮಜ್ಜಿಗೆಗೂ ಕಾಯದೆ ಎದ್ದಿದ್ದರು. ಮರುದಿನದಿಂದ ಬೋರ್ಡಿನಲ್ಲಿ ಆಯ್ದ ಎಂಟು ತಿಂಡಿ, ಮೂಲೆಯಲ್ಲೊಂದು ಅಂಕಿ. ಮಸಾಲೆದೋಸೆಗೆ ಎಲ್ಲಕ್ಕಿಂತ ಹೆಚ್ಚು ತೂಕ. ಹಿಟ್ಟು ಉಬ್ಬದ ದಿನ ಇಡೀ ಹೋಟೆಲೇ ಕುಸಿಯುತ್ತಿತ್ತು. ಮೂಲೆಯ ಅಂಕಿ ನೂರನಾಲ್ಕಕ್ಕೇರಿದ ದಿನ ಗಿರಾಕಿಯೊಬ್ಬರು ಅದು ಮಾಲೀಕರ ಸಕ್ಕರೆಯ ಮಟ್ಟವೆಂದು ತಿಳಿದು, ಪರವಾಗಿಲ್ಲ ಎಂದು ಕೈಕುಲುಕಿ ಹೋಗಿದ್ದರು. ಏನು ತಿನ್ನಬೇಕೆಂದು ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರಿಗೆ ಮಿನಿ ಟಿಫನ್ ಇತ್ತು: ಬೋರ್ಡಿನಲ್ಲಿದ್ದ ಎಲ್ಲದರದ್ದೂ ಒಂದೊಂದು ಚೂರು. "ಇದೇ ಇಂಡೆಕ್ಸ್ ಫಂಡ್" ಎಂದು ಮಧ್ವರಾಜರು ಸಾಂಬಾರು ಬಡಿಸುತ್ತಾ ಪಾಠ ಹೇಳುತ್ತಿದ್ದರು.

"ಪತ್ರೊಡೆ ಏನು ಪಾಪ ಮಾಡಿತ್ತು?" ಎಂದರು ಸುಗುಣಾ.

"ಎಲ್ಲಕ್ಕಿಂತ ಕಡಿಮೆ ಬಿಲ್ ಆದದ್ದು ಅದೇ. ನಾನು ಹೇಳಿದ್ದಲ್ಲ ಮಾರಾಯ್ತಿ, ಸೂಚ್ಯಂಕ ಹೇಳಿದ್ದು."

"ಆ ಸೂಚ್ಯಂಕನಿಗೆ ಮದುವೆ ಆಗಿದೆಯಾ?"

"ಇಲ್ಲ. ಅದಕ್ಕೇ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳ್ತಾನೆ."

ಸುಗುಣಾ ನಗಲಿಲ್ಲ. ದೋಸೆಗೆ ಒಬ್ಬ ಭಟ್ಟರು ಬಂದಿದ್ದರು, ಸಾಂಬಾರಿಗೆ ಇನ್ನೊಬ್ಬರು. ಹೋಟೆಲು ಸುರುವಾದಾಗ ಎಲ್ಲವನ್ನೂ ಮಾಡುತ್ತಿದ್ದ ಸುಗುಣಾರ ಕೈಗೆ ಈಗ ಉಳಿದಿದ್ದುದು ಶನಿವಾರದ ಪತ್ರೊಡೆ ಒಂದೇ. ಅವರು ಕೆಸುವಿನೆಲೆಯ ಕಟ್ಟನ್ನು ಕ್ಯಾಶ್ ಮೇಜಿನ ಮೇಲಿಟ್ಟರು. "ಹಾಗಾದ್ರೆ ಇನ್ನು ನನಗಿಲ್ಲಿ ಎಂತ ಕೆಲಸ ಉಂಟು? ಮನೆಯಲ್ಲಿ ಕೂತು ಟೀವಿ ನೋಡ್ತೇನೆ. ಅದರಲ್ಲಿ ಬರುವುದೂ ನಿಮ್ಮದೇ ಸ್ವರ."

ಮಧ್ವರಾಜರ ಕೈಯ ಬಟ್ಟೆ ನಿಂತಿತು. ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಅನ್ವಿತಾ ಲೋಟ ಕೆಳಗಿಟ್ಟಳು.

"ಅಪ್ಪಾ, ಒರು ನಿಮಿಷಂ. ಅವತ್ತು ನೀವು ಪೂರ್ತಿ ಕೇಳದೆ ಎದ್ದುಬಿಟ್ರಿ. ಇನ್ನೊಂದು ರೂಲ್ ಇದೆ. ಕಂಪನಿ ಸುರು ಮಾಡಿದ ಪ್ರೊಮೋಟರ್ ಹತ್ರ ಲಾಕ್ ಆಗಿರುವ ಶೇರು ತೂಕಕ್ಕೆ ಸೇರುವುದಿಲ್ಲ. ಪಬ್ಲಿಕ್‌ಗೆ ಎಷ್ಟು ಸಿಗ್ತದೋ ಅಷ್ಟೇ ಲೆಕ್ಕ."

"ಪತ್ರೊಡೆಗೂ ಅದಕ್ಕೂ ಎಂತ ಸಂಬಂಧ?"

"ಅಮ್ಮ ಬೇಯಿಸುವುದು ದೊಡ್ಡ ಪಾತ್ರೆ ತುಂಬ. ಬಿಲ್ ಆಗುವುದು ನಾಲ್ಕೈದು ಪ್ಲೇಟು. ಮಿಕ್ಕದ್ದು ಎಂಗೆ ಪೋಚ್ಚು, ಎಲ್ಲಿಗೆ ಹೋಯ್ತು?"

ಸಪ್ಲಾಯರ್ ಸುರೇಶ, ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸತೊಡಗಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದಾಗ ಬಟ್ಟೆ ಹಿಂಡಿದ. "ಗಿರಾಕಿ ಕೇಳ್ತಾರೆ ಅಕ್ಕ. ಆದ್ರೆ ಮುಗೀತು ಅಂತ ಹೇಳು ಅಂದಿದ್ದಾರೆ ಧಣಿ. ಮಿನಿ ಟಿಫನ್ನಿಗೂ ಅದರ ಬದಲು ಇನ್ನೊಂದು ಚೂರು ವಡೆ ಇಡು ಅಂತ."

"ಅದು ಕ್ವಾಲಿಟಿ ಚೆಕ್" ಎಂದರು ಮಧ್ವರಾಜರು. ಟೀವಿಯವನ ಗಂಟಲು ಎಲ್ಲೋ ಬಿದ್ದುಹೋಗಿ, ಅವರದೇ ಸಣ್ಣ ಸ್ವರ ಹೊರಬಂತು.

"ಬಿಸಿ ಇದ್ದಾಗ ಒಮ್ಮೆ ಚೆಕ್, ಆರಿದ ಮೇಲೆ ತೆಂಗಿನೆಣ್ಣೆ ಹಾಕಿ ಒಮ್ಮೆ ಚೆಕ್, ಸಂಜೆ ಕಾವಲಿಯಲ್ಲಿ ಕೆಂಪಗೆ ಕಾಯಿಸಿ ಇನ್ನೊಮ್ಮೆ" ಎಂದಳು ಅನ್ವಿತಾ. "ಮುಕ್ಕಾಲು ಪಾಲು ಪ್ರೊಮೋಟರೇ ಇಟ್ಟುಕೊಂಡ್ರೆ ತೂಕ ಎಲ್ಲಿಂದ ಬರ್ತದೆ ಅಪ್ಪಾ?"

ಸುಗುಣಾ ಗಂಡನ ಹೊಟ್ಟೆಯನ್ನು ಸಾವಕಾಶವಾಗಿ ನೋಡಿದರು. "ಬಂದಿದೆ. ಬೋರ್ಡಿಗಲ್ಲ, ಅಷ್ಟೆ."

ಸ್ಟೂಲಿನ ಮೇಲೆ ನಿಂತೇ ಮಧ್ವರಾಜರು ಯೋಚಿಸಿದರು. ಒರೆಸಿದರೆ ಹೆಂಡತಿ ಮನೆಗೆ, ಪತ್ರೊಡೆಯೂ ಅವಳ ಹಿಂದೆಯೇ; ತನಗೊಂದು ತುಂಡೂ ಇಲ್ಲ. ಬರೆದರೆ ಬಿಡಿ ಪ್ಲೇಟುಗಳ ಜೊತೆ ಪ್ರತಿ ಮಿನಿ ಟಿಫನ್ನಿಗೂ ಒಂದು ತುಂಡು, ಊರಿಗೆಲ್ಲ ಹಂಚಿ. ಎರಡು ಕಡೆಯೂ ನಷ್ಟ ತನಗೇ. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು, ಅಳಿಸಿದ ಜಾಗದಲ್ಲಿ ಮೊದಲಿಗಿಂತ ದೊಡ್ಡದಾಗಿ ಬರೆದು ಇಳಿದರು. ಸುಗುಣಾ ಎಲೆಯ ಕಟ್ಟನ್ನೆತ್ತಿಕೊಂಡು ಒಳಗೆ ಹೋದರು.

ಬಿಸಿಲೇರುವ ಹೊತ್ತಿಗೆ ಮಸಾಲೆ ಹಚ್ಚಿ ಬೆಂದ ಎಲೆಯ ಘಮ ರಸ್ತೆಯವರೆಗೂ ಹರಡಿತು. ಅಡುಗೆಮನೆಯ ಬಾಗಿಲ ಬಳಿ ಸುಗುಣಾ ಸೌಟು ಹಿಡಿದು ಕಾವಲು ನಿಂತು, ಗಂಡನ ಟೀವಿ ಗಂಟಲನ್ನೇ ತಮ್ಮ ಮೂಗಿಗೆ ತಂದುಕೊಂಡರು. "ವೀಕ್ಷಕರೇ, ಪ್ರೊಮೋಟರ್ ತಮ್ಮ ಪಾಲನ್ನು ಸಾರ್ವಜನಿಕರಿಗೆ ಬಿಟ್ಟುಕೊಡುತ್ತಿದ್ದಾರೆ."

ಸುರೇಶ ಮೊದಲ ಮಿನಿ ಟಿಫನ್ ಹಿಡಿದು ಕ್ಯಾಶ್ ಮೇಜಿನ ಪಕ್ಕದಿಂದಲೇ ಹಾದುಹೋದ. ತಟ್ಟೆಯ ಅಂಚಿನಲ್ಲಿ ಪತ್ರೊಡೆಯ ತುಂಡು ಎಣ್ಣೆ ಮಿನುಗಿಸುತ್ತಾ ಕೂತಿತ್ತು. ಮಧ್ವರಾಜರು ಗಿರಾಕಿಗೆ ನಮಸ್ಕಾರ ಹೇಳಿ ನಕ್ಕರು; ಮೇಜಿನ ಅಡಿಯಲ್ಲಿ ಅವರ ಎಡಗೈ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.